ಬಾತುಕೋಳಿ ಬಂದೂಕು ಸಿಕ್ಕಿತು ಕಣೋ

ಸಾಗರ
23-11-2025

ಪ್ರೀತಿಯ ಸುಬ್ಬು,

ಹೋದ ವಾರ ಅಟ್ಟ ಹತ್ತಿದ್ದೆ. ಅಡಿಕೆ ಕೊಯ್ಲು ಶುರುವಾಗಿದೆಯಲ್ಲ, ಗೋಣಿಚೀಲ ಇಳಿಸಬೇಕಿತ್ತು. ಚೀಲದ ಹಿಂದೆ ಒಂದು ರಟ್ಟಿನ ಡಬ್ಬ. ಒಳಗೆ ಏನಿತ್ತು ಹೇಳು? ನಮ್ಮ ವಿಡಿಯೋ ಗೇಮ್! ಎರಡು ರಿಮೋಟು, ಮೂರು ಹಳದಿ ಕ್ಯಾಸೆಟ್ಟು, ಮತ್ತೆ ಬಾತುಕೋಳಿ ಹೊಡೆಯುವ ಆ ಪ್ಲಾಸ್ಟಿಕ್ ಬಂದೂಕು. ವೈರನ್ನು ಇಲಿ ಒಂದು ಕಡೆ ಕಡಿದಿದೆ. ಅಷ್ಟು ಬಿಟ್ಟರೆ ಎಲ್ಲ ಹಾಗೇ ಇದೆ.

ಜಗುಲಿಯಲ್ಲಿ ಕೂತು ಒರೆಸುತ್ತಿದ್ದೆ. ಅಮ್ಮ ನೋಡಿ ಗಾಬರಿಯಾದಳು. "ಗೇಮೆಲ್ಲ ಬಂದ್ ಮಾಡಿದಾರಂತಲ್ಲೋ. ಇದನ್ನ ಮನೇಲಿಟ್ಕೊಂಡ್ರೆ ಪೊಲೀಸರು ಬರಲ್ವಾ?"

ನಗು ತಡೆಯಲಾಗಲಿಲ್ಲ. ಆದರೆ ಅಮ್ಮನದೇನೂ ತಪ್ಪಿಲ್ಲ ಮಾರಾಯ. ಆಗಸ್ಟಿನಲ್ಲಿ ನ್ಯೂಸ್ ಚಾನೆಲ್‌ನವರು "ಆನ್‌ಲೈನ್ ಗೇಮ್ ಬ್ಯಾನ್" ಅಂತ ಕೂಗಿದ್ದೇ ಕೂಗಿದ್ದು. 20ನೇ ತಾರೀಖು ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಸಹಿ. ಮೂರೇ ದಿನ! ನಮ್ಮ ಬೀದಿಯ ಗುಂಡಿ ಮೂರು ಮಳೆಗಾಲದಿಂದ ಹಾಗೇ ಇದೆ. ಕೂಗಾಟದಲ್ಲಿ ಯಾವ ಗೇಮು ಅನ್ನೋದು ಮಾತ್ರ ಕಳೆದುಹೋಯಿತು. ಬಂದ್ ಆಗಿದ್ದು ದುಡ್ಡು ಕಟ್ಟಿ ಆಡುವ ಆಟ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಇ-ಸ್ಪೋರ್ಟ್ಸ್‌ಗೆ, ಅಂದರೆ ವಿಡಿಯೋ ಗೇಮ್ ಪಂದ್ಯಗಳಿಗೆ, ಅದೇ ಕಾನೂನು ಪ್ರೋತ್ಸಾಹ ಕೊಡುತ್ತೇನೆ ಅನ್ನುತ್ತದೆ. ಆದರೆ ನಮ್ಮ ಜನಕ್ಕೆ ಮಾರಿಯೋನೂ ಗೇಮು, ರಮ್ಮಿನೂ ಗೇಮು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು.

ಇದಕ್ಕೆ ನಾನು ಯಾಕೆ ಇಷ್ಟು ಉರಿದುಕೊಳ್ಳುತ್ತೇನೆ ಅಂತ ನಿನಗೆ ಅನ್ನಿಸಬಹುದು. ಒಂದು ವಿಷಯ ನಿನಗೆ ಹೇಳಿಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಬರೆದರೆ ಸುಲಭ. ಎರಡು ವರ್ಷದ ಹಿಂದೆ ನಾನು ಒಂದು ರಮ್ಮಿ ಆ್ಯಪ್‌ನಲ್ಲಿ 38 ಸಾವಿರ ಕಳೆದೆ.

ಬೈಯಬೇಡ, ಪೂರ್ತಿ ಓದು. ಮೊದಲ ದಿನ 50 ರೂಪಾಯಿ ಹಾಕಿದೆ, 310 ಬಂತು. ಅಲ್ಲಿಗೆ ನನ್ನ ಕಥೆ ಮುಗಿಯಿತು ಅಂತ ಇಟ್ಟುಕೋ. ದೀಪಾವಳಿಗೆ ನಮ್ಮ ದೊಡ್ಡಪ್ಪನ ಮನೆಯ ಉಪ್ಪರಿಗೆಯಲ್ಲಿ ಇಸ್ಪೀಟು ಆಡುತ್ತಿದ್ದರಲ್ಲ, ನೆನಪಿದೆಯಾ? ಕೂಗಾಟ, ಜಗಳ ಎಲ್ಲ ಇರುತ್ತಿತ್ತು. ಆದರೆ ಬೆಳಗಾಗುತ್ತಿದ್ದ ಹಾಗೆ ದೊಡ್ಡಮ್ಮ ಕಾಫಿ ತಂದು ಕುಕ್ಕುತ್ತಿದ್ದಳು. ಎಲ್ಲರೂ ಎದ್ದು ಕೊಟ್ಟಿಗೆಗೋ ತೋಟಕ್ಕೋ ಹೋಗುತ್ತಿದ್ದರು. ಫೋನಿನಲ್ಲಿ ಬೆಳಗೇ ಆಗುವುದಿಲ್ಲ ಸುಬ್ಬು. ರಾತ್ರಿ ಎರಡಕ್ಕೆ ಹೊದಿಕೆಯೊಳಗೆ ಆಡುತ್ತಿದ್ದೆ. ಚೀಟಿ ಕಂತಿನ ದುಡ್ಡು ಹೋಯಿತು. ಆಮೇಲೆ ಬೈಕಿನ ಇನ್ಶೂರೆನ್ಸ್ ದುಡ್ಡು. ಒಂದು ದಿನ ಚೀಟಿ ನಡೆಸುವವರು ಅಮ್ಮನ ಎದುರೇ "ಈ ತಿಂಗಳೂ ಕಟ್ಟಿಲ್ಲವಲ್ಲ" ಅಂದರು. ಸಂಬಳ ತಡವಾಯಿತು ಅಂತ ಸುಳ್ಳು ಹೇಳಿದೆ. ಅವತ್ತು ರಾತ್ರಿ ಆ್ಯಪ್ ಅಳಿಸಿ ಹಾಕಿದವನು ಮತ್ತೆ ಹಾಕಿಕೊಂಡಿಲ್ಲ. ಅಮ್ಮನಿಗೆ ಈಗಲೂ ಗೊತ್ತಿಲ್ಲ. ಪೊಲೀಸರು ಬರಲ್ವಾ ಅಂತ ಅವಳು ಕೇಳಿದಾಗ ನಾನು ನಕ್ಕೆನಲ್ಲ, ಅದರಲ್ಲಿ ಅರ್ಧ ನಗು, ಅರ್ಧ ಬೆವರು.

ಸರ್ಕಾರದ ಅಂದಾಜಿನ ಪ್ರಕಾರ 45 ಕೋಟಿ ಜನ ವರ್ಷಕ್ಕೆ ಸುಮಾರು 20 ಸಾವಿರ ಕೋಟಿ ರೂಪಾಯಿ ಹೀಗೆ ಕಳೆಯುತ್ತಿದ್ದರಂತೆ. ಅದರಲ್ಲಿ ನನ್ನ 38 ಸಾವಿರ ಯಾವ ಮೂಲೆಗೆ! ನಮ್ಮ ರಾಜ್ಯವೂ 2021ರಲ್ಲೇ ಒಂದು ಕಾನೂನು ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ರಮ್ಮಿಗೆ ಬುದ್ಧಿ ಬೇಕು, ಅದು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆಯಲ್ಲ, ಕಂಪನಿಗಳು ಅದನ್ನೇ ಹಿಡಿದುಕೊಂಡಿವೆ. ಹೊಸ ಕಾನೂನಿನ ಮೇಲೂ ಕೇಸು ನಡೆಯುತ್ತಿದೆ. ಆಟಕ್ಕೆ ಬುದ್ಧಿ ಬೇಕು ಅನ್ನೋದು ನಿಜವೇ ಇರಬಹುದು. ಆ ಬುದ್ಧಿ ಇದ್ದವನು ರಾತ್ರಿ ಎರಡಕ್ಕೆ ಚೀಟಿ ದುಡ್ಡು ಹಾಕಿ ಆಡುವುದಿಲ್ಲ, ಅಷ್ಟೇ.

ನನಗೆ ಜಾಸ್ತಿ ನೋವಾಗಿದ್ದು ಬೇರೆಯೇ ವಿಷಯಕ್ಕೆ. ಆ ಆ್ಯಪ್ ನನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿತ್ತು. ಒಳ್ಳೆ ಕನ್ನಡ ಕಣೋ. ಒಂದು ಒತ್ತಕ್ಷರ ತಪ್ಪಿರಲಿಲ್ಲ. "ನಿಮ್ಮ ಬೋನಸ್ ಕಾಯುತ್ತಿದೆ", "ಇವತ್ತು ನಿಮ್ಮ ದಿನ" ಅಂತ ಬೆಳಗ್ಗೆ ಸಂಜೆ ಮೆಸೇಜು. ಇಪ್ಪತ್ತೈದು ವರ್ಷದಿಂದ ಗೇಮ್ ಆಡುತ್ತಿದ್ದೇನೆ. ಯಾವ ಗೇಮೂ ನನ್ನನ್ನು ನನ್ನ ಭಾಷೆಯಲ್ಲಿ ಮಾತಾಡಿಸಿರಲಿಲ್ಲ. ಮೊದಲ ಸಲ ಮಾತಾಡಿಸಿದ್ದು ಜೂಜು.

ಈಗ ನಮ್ಮ ಜಿಟಿಎ ಗೇಮಿನ ವಿಷಯಕ್ಕೆ ಬರುತ್ತೇನೆ. ಆರನೆಯದು ಮತ್ತೆ ಮುಂದಕ್ಕೆ ಹೋಯಿತು, ನೋಡಿದೆಯಲ್ಲ? ಮೊದಲು ಈ ವರ್ಷ ಅಂದರು. ಆಮೇಲೆ 2026ರ ಮೇ 26 ಅಂದರು. ಈಗ ನವೆಂಬರ್ 19 ಅಂತೆ. ಐದನೆಯದು ಬಂದಿದ್ದು 2013ರಲ್ಲಿ. ಆಗ ನಿನಗಿನ್ನೂ ತಲೆ ತುಂಬ ಕೂದಲಿತ್ತು. ನಮ್ಮೂರ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಬಂದರೂ ಹೇಳಿದ ದಿನಕ್ಕೆ ಬರುತ್ತದೆ.

ಆದರೂ ಕಾಯುತ್ತೇನೆ, ಬಿಡು. ನಾವು ಆಗ ಆಡಿದ ಹಳೇ ಜಿಟಿಎಯ ಊರು ವೈಸ್ ಸಿಟಿಗೆ ವಾಪಸ್ ಹೋಗುತ್ತೇವೆ ಅನ್ನೋದೇ ಸಾಕು. ಸೈಬರ್ ಕೆಫೆಯಲ್ಲಿ ಗಂಟೆಗೆ 20 ರೂಪಾಯಿ ಕೊಟ್ಟು ನೀನು ಮಿಷನ್ ಮಾಡುತ್ತಿದ್ದೆ. ನಾನು ಸುಮ್ನೆ ಬೈಕ್ ಹತ್ತಿ ಸಮುದ್ರದ ದಂಡೆಯಲ್ಲಿ ರೇಡಿಯೋ ಕೇಳುತ್ತ ಹೋಗುತ್ತಿದ್ದೆ. "ದುಡ್ಡು ದಂಡ ಮಾಡ್ತೀಯಲ್ಲೋ" ಅಂತ ನೀನು ಬೈಯುತ್ತಿದ್ದೆ. ಆ ಗೇಮಿನಿಂದ ನನಗೆ ಇವತ್ತಿಗೂ ನೆನಪಿರುವುದು ಆ ಸಂಜೆಗಳೇ. ನಿನ್ನ ಒಂದು ಮಿಷನ್ನೂ ನೆನಪಿಲ್ಲ.

ಈ ಹೊಸ ಜಿಟಿಎ ಮಾಡುವವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ, ಗೊತ್ತಾ? ಅದರ ಕಂಪನಿ ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲಿ ದೊಡ್ಡ ಸ್ಟುಡಿಯೋ ಇದೆ. 1997ರಲ್ಲಿ ಅಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನುವ ಕಂಪನಿಯನ್ನು 2019ರಲ್ಲಿ ಕೊಂಡು ತಮ್ಮದಕ್ಕೆ ಸೇರಿಸಿಕೊಂಡರು. ಅಂದರೆ ವೈಸ್ ಸಿಟಿಯ ಯಾವುದೋ ಕಾರಿಗೆ ಬಣ್ಣ ಹಚ್ಚಿದವನು ಸಂಜೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತಿರಬಹುದು. ಗೇಮ್ ಮಾತ್ರ ಕನ್ನಡದಲ್ಲಿ ಬರುವುದಿಲ್ಲ. ಐದನೆಯದರಲ್ಲಿ ಪೋಲಿಶ್ ಭಾಷೆ ಇದೆ. ಪೋಲೆಂಡಿನಲ್ಲಿ ಒಟ್ಟು ಜನ ನಾಲ್ಕು ಕೋಟಿಗೂ ಕಮ್ಮಿ. ಕನ್ನಡ ತಾಯ್ನುಡಿಯವರು 2011ರ ಜನಗಣತಿಯಲ್ಲೇ 4.37 ಕೋಟಿ.

ಸಿಟ್ಟು ಬಂತು. ಆಮೇಲೆ ನನ್ನ ಸಿಟ್ಟಿಗೆ ನಾನೇ ನಕ್ಕೆ. ನಾವು ಯಾವತ್ತು ದುಡ್ಡು ಕೊಟ್ಟು ಗೇಮ್ ತಗೊಂಡಿದ್ದೇವೆ ಹೇಳು! ವೈಸ್ ಸಿಟಿಯ ಸೀಡಿ 50 ರೂಪಾಯಿಯದು, ಮೇಲೆ ಪೆನ್ನಿನಲ್ಲಿ ಹೆಸರು ಬರೆದಿತ್ತು, ಅದೂ ತಪ್ಪಾಗಿ. ಪೋಲೆಂಡಿನವರು ಕೊಂಡು ಆಡುತ್ತಾರೆ, ಕಂಪನಿಗಳು ಅವರ ಮಾತು ಕೇಳುತ್ತವೆ. ರಮ್ಮಿಯವನಿಗೆ ನನ್ನ ಜೇಬಿನಲ್ಲಿ 38 ಸಾವಿರ ಕಂಡಿತು, ಕನ್ನಡ ಕಲಿತ. ಲೆಕ್ಕ ಅಷ್ಟೇ. ನಿಮ್ಮ ಪುಣೆಯ ಒಂದು ಸಣ್ಣ ಕಂಪನಿ 2020ರಲ್ಲಿ 'ರಾಜಿ' ಅಂತ ಒಂದು ಗೇಮ್ ಮಾಡಿತು. ನಮ್ಮ ದೇವರು, ನಮ್ಮ ರಾಕ್ಷಸರು, ಅಣ್ಣನೋ ಅಪ್ಪನೋ ಬಂದು ಬಿಡಿಸದೆ ತಾನೇ ಹೋರಾಡುವ ಹುಡುಗಿ. ಅದನ್ನು ನಾನು ಪೂರ್ತಿ ದುಡ್ಡು ಕೊಟ್ಟು ತಗೊಂಡೆ. ಹೊಡೆದಾಟ ಸ್ವಲ್ಪ ಒರಟು, ಗೋಡೆ ಮೇಲಿನ ಚಿತ್ರಗಳು ಬಲು ಚಂದ. ಆಡಿ ನೋಡು.

ಪಬ್ಜಿ ಗೇಮ್ ಬಗ್ಗೆ ಏನೂ ಬರೆಯುವುದಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬ್ಯಾನ್ ಆಗಿ ಹೋಯಿತು, ಮರುವರ್ಷ ಹೆಸರು ಬದಲಿಸಿಕೊಂಡು ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ತವರಿಗೆ ಹೋಗಿ ಬರುವ ಹೊಸ ಮದುಮಗಳ ಹಾಗೆ.

ಟಿವಿ ಏನು ನೋಡ್ತೀಯ ಅಂತ ನೀನು ಕೇಳಿದ್ದೆ. ನಾನೆಲ್ಲಿ ನೋಡುತ್ತೇನೆ, ರಿಮೋಟು ಅಮ್ಮನ ಕೈಲಿದೆ. ಈಗ ಬಿಗ್ ಬಾಸ್ ಕಾಲ. ಅಡಿಕೆ ಸುಲಿಯಲು ಬಂದವರೂ ಮೆಟ್ಟುಗತ್ತಿ ಮುಂದೆ ಕೂತು ಫೋನಿನಲ್ಲಿ ಅದನ್ನೇ ನೋಡುತ್ತಾರೆ. ಕೈ ನೋಡದೆ ಸುಲಿಯುತ್ತದೆ, ಕಣ್ಣು ಅಲ್ಲಿರುತ್ತದೆ. ಅಕ್ಟೋಬರಿನಲ್ಲಿ ಬಿಡದಿಯ ಆ ಸ್ಟುಡಿಯೋಗೆ ಬೀಗ ಬಿತ್ತಲ್ಲ, ಕೊಳಚೆ ನೀರಿನ ವಿಷಯಕ್ಕೆ, ಅವತ್ತು ನಮ್ಮ ಮನೆಯಲ್ಲಿ ಸೂತಕ. ಸ್ಪರ್ಧಿಗಳನ್ನೆಲ್ಲ ಹೊರಗೆ ಕಳಿಸಿ ರೆಸಾರ್ಟಿಗೆ ಸಾಗಿಸಿದರು. ಇಷ್ಟು ವರ್ಷ ಜನ ವೋಟು ಹಾಕಿ ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. ಮಾಲಿನ್ಯ ನಿಯಂತ್ರಣ ಮಂಡಳಿ ಒಂದೇ ಏಟಿಗೆ ಎಲ್ಲರನ್ನೂ ಎಲಿಮಿನೇಟ್ ಮಾಡಿತು! ಎರಡು ದಿನದಲ್ಲಿ ವಾಪಸ್ ಬಂದರು. ಅಮ್ಮ ಅವತ್ತು ಪಾಯಸ ಮಾಡಿದಳು ಅಂದರೆ ನೀನು ನಂಬಲ್ಲ.

ನನಗೆ ಇವತ್ತಿಗೂ ಇಷ್ಟವಾಗುವುದು ಚಂದನದ 'ಥಟ್ ಅಂತ ಹೇಳಿ'. 2002ರಿಂದ ಡಾ. ನಾ. ಸೋಮೇಶ್ವರ ಅವರು ಅದೇ ನಗುಮುಖದಲ್ಲಿ ಪ್ರಶ್ನೆ ಕೇಳುತ್ತಿದ್ದಾರೆ. ಸರಿ ಉತ್ತರಕ್ಕೆ ಪುಸ್ತಕ. ದುಡ್ಡಿಲ್ಲ, ಕಾರಿಲ್ಲ. ಕನ್ನಡದಲ್ಲಿ ಒಂದು ಆಟ ಬೇಕು ಅಂತ ನಾನು ಮೇಲೆ ಗೋಳಾಡಿದೆನಲ್ಲ, ಇಷ್ಟು ವರ್ಷದಿಂದ ಒಂದು ನಡೆಯುತ್ತಲೇ ಇದೆ, ನಾವು ಚಾನೆಲ್ ದಾಟಿಸಿಕೊಂಡು ಹೋಗಿದ್ದೇವೆ. ಅದೇ ಹೊತ್ತಿಗೆ ಕ್ರಿಕೆಟ್ ಮಧ್ಯೆ ದುಡ್ಡು ಕಟ್ಟಿ ತಂಡ ಆರಿಸುವ ಫ್ಯಾಂಟಸಿ ಆ್ಯಪ್ ಜಾಹೀರಾತಿಗೆ ನಮ್ಮ ಹೀರೋಗಳೆಲ್ಲ ನಿಂತರು. ನಾವು ಕಾಂಟ್ರಾ ಗೇಮ್ ಆಡಿದರೆ ಹಾಳಾಗಿ ಹೋಗ್ತಾರೆ ಅಂದ ಹಿರಿಯರು ಆ ಜಾಹೀರಾತು ಬಂದಾಗ ಒಂದು ಮಾತೂ ಆಡಲಿಲ್ಲ. ಭಾರತ ತಂಡದ ಜರ್ಸಿ ಮೇಲೂ ಅಂಥದ್ದೇ ಆ್ಯಪ್ ಹೆಸರು. ಕಾನೂನು ಬಂದ ಮೇಲೆ ಏಷ್ಯಾ ಕಪ್‌ಗೆ ಜರ್ಸಿ ಖಾಲಿ ಬಿಟ್ಟುಕೊಂಡೇ ಆಡಿದರು. ಗೆದ್ದರು, ಕೊನೆಗೆ ಕಪ್ಪೂ ತಗೊಳ್ಳಲಿಲ್ಲ. ಎದೆಯೂ ಖಾಲಿ, ಕೈಯೂ ಖಾಲಿ. ಚೆನ್ನಾಗಿಯೇ ಆಡಿದರು ಅನ್ನು.

ಸರಿ, ಬಂದೂಕಿನ ವಿಷಯ. ಇಲಿ ಕಡಿದ ಕಡೆ ಬೆಸುಗೆ ಹಾಕಿಸಿದೆ. ಕ್ಯಾಸೆಟ್ಟಿಗೆ ಬಾಯಿಂದ ಊದಿ ಹಾಕಿದೆ, ಪರದೆ ಬಂತು! ನಾಯಿ ಬಂತು, ಬಾತುಕೋಳಿ ಹಾರಿತು. ಹೊಡೆದರೆ ಒಂದೂ ಬೀಳುವುದಿಲ್ಲ. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ, ಆದರೂ ಇಲ್ಲ. ನಾಯಿ ಎದ್ದು ನಿಂತು ಕಿಸಿಕಿಸಿ ನಗುತ್ತದೆ.

ಆಮೇಲೆ ಗೊತ್ತಾಯಿತು, ತಪ್ಪು ನಮ್ಮ ಎಲ್‌ಇಡಿ ಟಿವಿಯದು. ಟ್ರಿಗರ್ ಒತ್ತಿದ ತಕ್ಷಣ ಪರದೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಬಂದೂಕಿನ ತುದಿಯಲ್ಲಿ ಬೆಳಕು ಗುರುತಿಸುವ ಒಂದು ಕಣ್ಣಿದೆ. ಮೊದಲು ಕಪ್ಪು, ಆಮೇಲೆ ಬಿಳಿ ಕಂಡರೆ ಏಟು ಬಿತ್ತು ಅಂತ ಲೆಕ್ಕ. ಹಳೇ ಡಬ್ಬ ಟಿವಿ ಇದನ್ನು ಆ ಕ್ಷಣಕ್ಕೇ ತೋರಿಸುತ್ತಿತ್ತು. ಹೊಸ ಟಿವಿ ಚಿತ್ರವನ್ನು ಸಿಂಗಾರ ಮಾಡಿ ತೋರಿಸುವಷ್ಟರಲ್ಲಿ ಬಂದೂಕು ನೋಡುವುದು ನಿಲ್ಲಿಸಿರುತ್ತದೆ. ನೀನು ಬಲ್ಬಿಗೆ ಗುರಿ ಹಿಡಿದು ಮೋಸ ಮಾಡಲು ನೋಡುತ್ತಿದ್ದೆಯಲ್ಲ, ಅದು ಯಾಕೆ ನಡೆಯಲಿಲ್ಲ ಅಂತ ಈಗ ಗೊತ್ತಾಯಿತಾ? ಬಲ್ಬು ಯಾವಾಗಲೂ ಬಿಳಿಯೇ. ಕಪ್ಪು ಎಲ್ಲಿಂದ ಬರಬೇಕು!

ಇನ್ನೊಂದು ತಪ್ಪೊಪ್ಪಿಗೆ ಇದೆ. ಇದು 38 ಸಾವಿರಕ್ಕಿಂತ ಹಳೆಯದು. ಒಂದೇ ಬಾತುಕೋಳಿ ಬರುವ ಆಟದಲ್ಲಿ ಅದನ್ನು ಎರಡನೇ ರಿಮೋಟಿನಿಂದ ಓಡಿಸಬಹುದು. ನೀನು ಬಂದೂಕು ಹಿಡಿದಾಗೆಲ್ಲ ನಾನು ನಿನ್ನ ಹಿಂದೆ ಚಾಪೆ ಮೇಲೆ ಮಲಗಿರುತ್ತಿದ್ದೆ. ಆ ರಿಮೋಟು ನನ್ನ ಹೊಟ್ಟೆ ಕೆಳಗಿರುತ್ತಿತ್ತು.

ಡಿಸೆಂಬರ್ ಕೊನೆಗೆ ಬರ್ತೀಯಲ್ಲ. ನಿಮ್ಮ ಮನೆಯ ಡಬ್ಬ ಟಿವಿ ಇನ್ನೂ ಮಾಳಿಗೆ ಮೇಲಿದೆಯಂತೆ. ಗುಜರಿಯವನಿಗೆ ಕೊಡಬೇಡಿ ಅಂತ ನಿಮ್ಮಮ್ಮನಿಗೆ ಹೇಳಿ ಬಂದಿದ್ದೇನೆ. ಇಬ್ಬರೂ ಸೇರಿ ಇಳಿಸೋಣ, ಒಬ್ಬನ ಕೈಲಿ ಆಗುವ ಭಾರ ಅಲ್ಲ ಅದು. ಈ ಸಲ ರಿಮೋಟು ನಿನಗೆ, ಬಂದೂಕು ನನಗೆ.

ನಿನ್ನ
ರಾಘು