ನಿನ್ನ ಉತ್ತರ ನಾನು ಹೇಳಿಬಿಟ್ಟೆ

ಪ್ರೀತಿಯ ಪುಟ್ಟಿ,

ಆಟಿಸಂ ಇರುವವರು ಕೇಳುವ, ಮಾತಾಡುವ ರೀತಿಯೇ ಬೇರೆ. ನಿನಗೂ ಮಾತಿಗಿಂತ ಬರಹ ಸುಲಭ. ಎರಡು ಸಲ ಓದಬಹುದು, ಸಾಕೆನಿಸಿದರೆ ಮಡಚಿ ಇಡಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಬನಶಂಕರಿಯಲ್ಲಿ ಗೃಹಪ್ರವೇಶದ ದಿನ ದೊಡ್ಡಮ್ಮ ನಿನ್ನನ್ನು, "ಏನಮ್ಮಾ, ಕಾಲೇಜು ಹೇಗಿದೆ?" ಅಂತ ಕೇಳಿದರು. ಪಕ್ಕದಲ್ಲೇ ಓಲಗ, ಪಾತ್ರೆ ಸದ್ದು, ಮಕ್ಕಳ ಗಲಾಟೆ. ನೀನು ನೆಲ ನೋಡುತ್ತಾ ಯೋಚಿಸುತ್ತಿದ್ದೆ. ನನಗೆ ತಡೆಯಲಾಗಲಿಲ್ಲ. "ಚೆನ್ನಾಗಿದೆ ಅಕ್ಕ, ಇವಳಿಗೆ ಸ್ವಲ್ಪ ನಾಚಿಕೆ" ಅಂದುಬಿಟ್ಟೆ. ಬಾಯಿ ತೆರೆದಿದ್ದವಳು ನೀನು ಮುಚ್ಚಿಕೊಂಡೆ. ರಾತ್ರಿ ನಿನ್ನ ಕೋಣೆಯಿಂದ ಮೆಸೇಜ್ ಬಂತು: "ಅಮ್ಮ, ನನಗೆ ನಾಚಿಕೆ ಆಗಿರಲಿಲ್ಲ. ಉತ್ತರ ಬರ್ತಾ ಇತ್ತು."

ಅದನ್ನು ಓದಿ ನನಗೆ ನಿದ್ದೆ ಹತ್ತಲಿಲ್ಲ. ತಪ್ಪಾಯ್ತು ಪುಟ್ಟಿ.

ಪ್ರಶ್ನೆ ಮುಗಿದ ಮೇಲೆ ಉತ್ತರ ಶುರುವಾಗಲು ಜನ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಗೊತ್ತಾ? ಹತ್ತು ಭಾಷೆಗಳಲ್ಲಿ ಇದನ್ನು ಅಳೆದವರಿದ್ದಾರೆ. 2009ರಲ್ಲಿ ಅದರ ಫಲಿತಾಂಶ ಬಂತು. ಸರಾಸರಿ ಸುಮಾರು 200 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ ಐದನೇ ಒಂದು ಪಾಲು. ಅಷ್ಟು ಬೇಗ ಹೇಳಬೇಕಾದರೆ ಎದುರಿನವರು ಮುಗಿಸುವ ಮೊದಲೇ ಉತ್ತರ ಜೋಡಿಸಿಟ್ಟಿರಬೇಕು. ನೀನು ಹಾಗಲ್ಲ. ಪೂರ್ತಿ ಕೇಳುತ್ತೀಯ. ಓಲಗದ ಸದ್ದಿನಿಂದ ಮಾತನ್ನು ಬಿಡಿಸಿಕೊಳ್ಳುತ್ತೀಯ. ಆಮೇಲೆ ನಿಜವಾದ ಉತ್ತರ ಹುಡುಕುತ್ತೀಯ. ಆರೇಳು ಸೆಕೆಂಡ್ ಬೇಕು, ಅಷ್ಟೇ. ಅಷ್ಟನ್ನೂ ನಾನು ಕೊಡಲಿಲ್ಲ. "ಕಣ್ಣು ನೋಡಿ ಮಾತಾಡು" ಅಂತ ಬೇರೆ ಎಷ್ಟು ವರ್ಷ ಕಾಡಿದೆ! ಕಣ್ಣು ನೋಡಿದರೆ ಮಾತು ತಲೆಗೆ ಹೋಗಲ್ಲ ಅಂತ ನೀನೇ ಹೇಳಿದ ಮೇಲೆ ಬಿಟ್ಟೆ.

ನಾವು ಆಡುವ ಮಾತಾದರೂ ನೇರವಾಗಿದೆಯಾ? ನಿನಗೆ ಆಗ ಆರು ವರ್ಷ. ಪಕ್ಕದ ಮನೆ ಆಂಟಿ "ಬರ್ತೀನಿ ಪುಟ್ಟಿ" ಅಂತ ಹೊರಟರು. ನೀನು ಕತ್ತಲಾಗುವವರೆಗೂ ಗೇಟ್ ಹಿಡಿದು ನಿಂತಿದ್ದೆ. ಹೊರಡುವವರು "ಹೋಗ್ತೀನಿ" ಅನ್ನಬಾರದು, ಅದಕ್ಕೇ "ಬರ್ತೀನಿ" ಅನ್ನುತ್ತಾರೆ ಅಂತ ನಿನಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ನೋಡೋಣ" ಅಂದರೆ ಜಾಸ್ತಿ ಸಲ "ಇಲ್ಲ" ಅಂತಲೇ ಅರ್ಥ. "ಊಟ ಆಯ್ತಾ?" ಅನ್ನುವವರಿಗೆ ಊಟದ ವಿವರ ಬೇಕಿರುವುದಿಲ್ಲ. ಆದರೂ ವಾಚ್‌ಮನ್ ಅಂಕಲ್‌ಗೆ ನೀನು, "ಅನ್ನ, ಸಾರು, ಹುರುಳಿಕಾಯಿ ಪಲ್ಯ. ನೀವು ಏನು ತಿಂದ್ರಿ?" ಅಂದೆಯಲ್ಲ, ಅವರ ಮುಖ ಎಷ್ಟು ಅರಳಿತು! ಅವತ್ತಿನಿಂದ ಅವರು ದಿನಾ ನಿನಗೆ ತಮ್ಮ ಅಡುಗೆ ಹೇಳುತ್ತಾರೆ.

ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ ಸ್ವತಃ ನಿನ್ನ ಹಾಗೆ ಆಟಿಸಂ ಇರುವವರು. ಆಟಿಸಂ ಇರುವವರ ಮತ್ತು ಇಲ್ಲದವರ ನಡುವೆ ಮಾತುಕತೆ ಮುರಿದುಬಿದ್ದರೆ ಅದು ಒಬ್ಬರ ಕೊರತೆಯಲ್ಲ, ಇಬ್ಬರಿಗೂ ಒಬ್ಬರಿಗೊಬ್ಬರು ಅರ್ಥವಾಗಿಲ್ಲ ಅಂತ ಅವರು 2012ರಲ್ಲಿ ಬರೆದರು. 2020ರಲ್ಲಿ ಒಂದು ಪ್ರಯೋಗದ ವರದಿ ಬಂತು. ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸಿದರು. ಎಲ್ಲರೂ ಆಟಿಸಂ ಇರುವವರೇ ಆಗಿದ್ದ ಸಾಲಿನಲ್ಲಿ ಕಥೆ ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿತು. ಎರಡೂ ಬಗೆಯವರು ಬೆರೆತ ಸಾಲಿನಲ್ಲಿ ಮಾತ್ರ ಜಾಸ್ತಿ ಕಳೆದುಹೋಯಿತು.

ಲಾಲ್‌ಬಾಗ್ ಬಂಡೆ ಮೇಲೆ ನಿನ್ನನ್ನೂ ನಿನ್ನ ಗೆಳತಿಯನ್ನೂ ನೋಡಿದ್ದರಿಂದ ನನಗೆ ಇದು ಹೊಸದು ಅನ್ನಿಸಲಿಲ್ಲ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ನೀನು ಶುರು ಮಾಡಿದೆ. ಅವಳು ತನ್ನ ಇರುವೆಗಳ ಬಗ್ಗೆ ಹೇಳಿದಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ನಡುವೆ ಎಷ್ಟೋ ಹೊತ್ತು ಸುಮ್ನೆ ಕೂತಿರಿ. ಒಂದೂವರೆ ಗಂಟೆ! ಅವಳ ಅಮ್ಮ, ನಾನು ದೂರದ ಬೆಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆವು.

ಕಾಲೇಜಿನಲ್ಲಿ ಎಲ್ಲರೂ ಹಾಗೆ ಕಾಯಲ್ಲ, ಗೊತ್ತು. "ಒಂದ್ನಿಮಿಷ, ಯೋಚಿಸ್ತಿದ್ದೀನಿ" ಅಂತ ನೀನು ಈಗ ಹೇಳುತ್ತೀಯಲ್ಲ, ಅದು ತುಂಬಾ ಒಳ್ಳೆಯ ಮಾತು. ಬಾಯಿಗೆ ಬರದಿದ್ದರೆ ಕೈ ಎತ್ತು ಸಾಕು. ಗದ್ದಲ ಇದ್ದರೆ "ಮೆಸೇಜ್ ಮಾಡ್ತೀನಿ" ಅನ್ನು. ನಗು ಬರದಿದ್ದರೆ ನಗಬೇಕಿಲ್ಲ. ಇಡೀ ದಿನ ಉಳಿದವರ ಹಾಗೆ ನಟಿಸಿ ಮನೆಗೆ ಬಂದು ಕುಸಿದು ಮಲಗುವುದನ್ನು ನಾನು ನೋಡಿದ್ದೇನೆ. ಅದು ನನಗೆ ಬೇಡ.

ದೊಡ್ಡಮ್ಮನಿಗೆ ಫೋನ್ ಮಾಡಿ ನಾಚಿಕೆಯ ಮಾತು ನನ್ನದು, ನಿನ್ನದಲ್ಲ ಅಂತ ಹೇಳಿದೆ. ಕಾಲೇಜಿನ ಬಗ್ಗೆ ಅವರಿಗೆ ಈಗಲೂ ಕೇಳುವ ಆಸೆ ಇದೆ. ಬೇಕಿದ್ದರೆ ಬರೆದು ಕಳಿಸು.

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗೋಣ್ವಾ? ನಿಜವಾಗಿಯೂ ಕೇಳುತ್ತಿದ್ದೇನೆ. ಶನಿವಾರ ರಾತ್ರಿಯೊಳಗೆ ಯಾವಾಗ ಹೇಳಿದರೂ ಸರಿ. ಬೇಡ ಅಂದರೂ ಸರಿ.

ನಿನ್ನ,
ಅಮ್ಮ