ಗ್ರಹಗಳ ಚಿತ್ರ ಸಾಕು, ಕೊಳಲು ಕೇಳಿಸಲಿ

ಮಾನ್ಯ ಸಂಪಾದಕರೇ,

ಬಾಹ್ಯಾಕಾಶದಿಂದ ಪ್ರೇರಣೆ ಪಡೆದು ಮೂರೋ ನಾಲ್ಕೋ ಕೊಳಲುಗಳಿಗೆಂದು ಬರೆದ ಹೊಸ ಕೃತಿಗಳ ಮಾತು ಬಂದಾಗಲೆಲ್ಲ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ: ಗಾಳಿಯೇ ಇಲ್ಲದ ಜಾಗಕ್ಕೂ ಗಾಳಿಯಿಂದಲೇ ನುಡಿಯುವ ವಾದ್ಯಕ್ಕೂ ಎಲ್ಲಿಯ ನಂಟು? ಕೆಲವೇ ವಾದಕರು ಕೂಡಿ ನುಡಿಸುವ ಇಂಥ ಚೇಂಬರ್ ಸಂಗೀತವನ್ನು ಹಲವು ವರ್ಷಗಳಿಂದ ನುಡಿಸುತ್ತ ಬಂದಿರುವ ನನಗೆ ಈ ಪ್ರಶ್ನೆ ನ್ಯಾಯವಾದದ್ದೆಂದೇ ತೋರುತ್ತದೆ. ಆದರೆ ಅದಕ್ಕೆ ಉತ್ತರ ಸಿಗಬೇಕಾದದ್ದು ಕೃತಿಯ ಒಳಗೆ; ಅದರ ಶೀರ್ಷಿಕೆಯಲ್ಲಾಗಲಿ, ವೇದಿಕೆಯ ಹಿಂದಿನ ಪರದೆಯ ಮೇಲಾಗಲಿ ಅಲ್ಲ.

ಪರದೆಯ ಮಾತು ಎತ್ತಲು ಕಾರಣವಿದೆ. ಹಿಂದೊಮ್ಮೆ ನಾವು ನಾಲ್ವರು ನುಡಿಸಿದ ಕಾರ್ಯಕ್ರಮದಲ್ಲಿ ಸಂಘಟಕರು ನಮ್ಮ ಬೆನ್ನ ಹಿಂದೆ ನೀಹಾರಿಕೆಗಳ ಬಣ್ಣದ ಚಿತ್ರಗಳನ್ನು ಹರಿಯಬಿಟ್ಟು, ಮೈಕುಗಳಿಗೆ ದಟ್ಟವಾದ ಪ್ರತಿಧ್ವನಿಯನ್ನು ಬೆರೆಸಿದ್ದರು. ಕೃತಿಯ ಕೊನೆಯ ಭಾಗವಿಡೀ 'ವಿಸಲ್ ಟೋನ್' ಎಂಬ ಸ್ವರಗಳ ಮೇಲೆ ನಿಂತಿತ್ತು. ಊದುವ ರಂಧ್ರದ ಅಂಚಿಗೆ, ಎದುರಿಗಿಟ್ಟ ದೀಪದ ಕುಡಿಯೂ ಅಲುಗದಷ್ಟು ಮೆಲ್ಲಗೆ ಉಸಿರು ಬಿಟ್ಟಾಗ ಹುಟ್ಟುವ ಸ್ವರಗಳು ಅವು; ದಾರದ ಎಳೆಯಂತೆ ತೆಳ್ಳಗಿದ್ದು, ಒಂದರಿಂದ ಇನ್ನೊಂದಕ್ಕೆ ತಾವಾಗಿಯೇ ಜಾರುತ್ತವೆ. ಅಂದು ಪ್ರೊಜೆಕ್ಟರಿನ ಫ್ಯಾನಿನ ಸದ್ದು ನಮ್ಮ ನಾಲ್ಕು ಕೊಳಲುಗಳಿಗಿಂತ ಜೋರಾಗಿತ್ತು. ಕೇಳುಗರು ಚಪ್ಪಾಳೆ ತಟ್ಟಿದರು, ನಿಜ. ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಆ ನಾಲ್ಕು ನಿಮಿಷಗಳು ಅವರನ್ನು ತಲುಪಲೇ ಇಲ್ಲವೆಂಬ ನೋವು ನನಗೆ ಇಂದಿಗೂ ಇದೆ.

ಆಕಾಶದಿಂದ ಕೊಳಲು ಏನನ್ನು ಪಡೆಯಬಲ್ಲದು ಎಂಬುದಕ್ಕೆ ಗುರುಗ್ರಹದ ಉಪಗ್ರಹಗಳನ್ನೇ ನೋಡಬಹುದು. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಹೆಚ್ಚುಕಡಿಮೆ ಎರಡು ಸುತ್ತು, ಅಯೋ ನಾಲ್ಕು ಸುತ್ತು ಹಾಕಿರುತ್ತವೆ. ಕಂಪನದ ವೇಗ ಇಮ್ಮಡಿಯಾದಾಗಲೆಲ್ಲ ಸ್ವರ ಒಂದು ಸ್ಥಾಯಿ ಮೇಲೇರುವುದರಿಂದ, ಸಂಗೀತದಲ್ಲಿ ಒಂದು, ಎರಡು, ನಾಲ್ಕು ಎಂದರೆ ಒಂದೇ ಸ್ವರದ ಮೂರು ಸ್ಥಾಯಿಗಳು. ಪಾಶ್ಚಾತ್ಯ ಕೊಳಲಾದ ಫ್ಲೂಟಿನ ಬಳಗದಲ್ಲಿ ಕಾಂಟ್ರಾಬಾಸ್ ಫ್ಲೂಟ್, ಬಾಸ್ ಫ್ಲೂಟ್ ಮತ್ತು ಸಾಮಾನ್ಯ ಫ್ಲೂಟ್ ಇರುವುದೂ ಸರಿಯಾಗಿ ಒಂದೊಂದು ಸ್ಥಾಯಿಯ ಅಂತರದಲ್ಲೇ! ಇನ್ನೂ ಸೊಗಸಾದ ಸಂಗತಿಯೆಂದರೆ, ಈ ಮೂರು ಉಪಗ್ರಹಗಳ ಚಲನೆ ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೆಣೆದುಕೊಂಡಿದೆಯೆಂದರೆ, ಮೂರೂ ಗುರುವಿನ ಒಂದೇ ಪಕ್ಕದಲ್ಲಿ ಒಂದೇ ಸಾಲಿಗೆ ಎಂದೂ ಬರುವುದಿಲ್ಲ. ಎರಡು ಕೂಡಿದಾಗ ಮೂರನೆಯದು ಬೇರೆಲ್ಲೋ ಇರುತ್ತದೆ. ಮೂವರು ವಾದಕರು ಹದಿನೈದು ನಿಮಿಷ ನುಡಿಸಿಯೂ ಒಮ್ಮೆಯೂ ಒಟ್ಟಿಗೆ ಸ್ವರ ಎತ್ತದಂತೆ ಕೃತಿಯೊಂದನ್ನು ಕಟ್ಟಿದರೆ, ಕೇಳುಗನ ಕಿವಿ ಆ ಕೂಡುವಿಕೆಗಾಗಿ ಕಾಯುತ್ತಲೇ ಇರುತ್ತದೆ. ಇದಕ್ಕೆ ಯಾವ ಚಿತ್ರವೂ ಬೇಕಿಲ್ಲ. ಟ್ರಾಪಿಸ್ಟ್-1 ನಕ್ಷತ್ರದ ಏಳು ಗ್ರಹಗಳಲ್ಲಿಯೂ ಅಕ್ಕಪಕ್ಕದ ಕೆಲವು ಜೋಡಿಗಳ ಸುತ್ತಿನ ಅವಧಿಗಳು 3:2ರ ಸಮೀಪದ ಅನುಪಾತದಲ್ಲಿವೆ. ಷಡ್ಜ ಪಂಚಮಗಳ ನಡುವಿನ ಅನುಪಾತವೂ ಅದೇ.

ಬಾಹ್ಯಾಕಾಶ ಪೂರ್ತಿ ನಿಶ್ಶಬ್ದ ಎಂಬ ಮಾತಿಗೂ ಒಂದು ತಿದ್ದುಪಡಿ ಬೇಕು. ಪರ್ಸಿಯಸ್ ಗ್ಯಾಲಕ್ಸಿ ಗುಚ್ಛದ ಬಿಸಿ ಅನಿಲದಲ್ಲಿ ಕಪ್ಪುಕುಳಿಯೊಂದು ಎಬ್ಬಿಸಿದ ಒತ್ತಡದ ಅಲೆಗಳನ್ನು ಚಂದ್ರಾ ಎಕ್ಸ್-ರೇ ವೀಕ್ಷಣಾಲಯ ಕಂಡುಹಿಡಿದ ವಿಷಯ 2003ರಲ್ಲಿ ಪ್ರಕಟವಾಯಿತು. ಪಿಯಾನೊದ ನಡುಸ್ವರಕ್ಕಿಂತ 57 ಸ್ಥಾಯಿ ಕೆಳಗಿನ ಸ್ವರ ಅದು. ಯಾವ ಕಿವಿಗೂ ಎಟುಕದ್ದು, ಆದರೂ ಅದು ಅನಿಲದಲ್ಲಿ ಸಾಗುವ ಅಲೆಯೇ, ಕೊಳಲಿನ ನಳಿಗೆಯೊಳಗಿನ ಅಲೆಯಂತೆ.

ಕೊಳಲು ಬಾಹ್ಯಾಕಾಶಕ್ಕೆ ಹೋಗಿಬಂದೂ ಆಗಿದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಗಳಲ್ಲಿ ಜಪಾನಿನ ಬಿದಿರುಕೊಳಲು ಶಾಕುಹಾಚಿಯ ವಾದನವೂ ಪೆರು ಮತ್ತು ಸಾಲೊಮನ್ ದ್ವೀಪಗಳ ಪ್ಯಾನ್‌ಪೈಪುಗಳ ನಾದವೂ ಇವೆ. ಗಗನಯಾತ್ರಿ ಎಲೆನ್ ಒಚೋವಾ 1993ರಲ್ಲಿ ಡಿಸ್ಕವರಿ ನೌಕೆಯಲ್ಲಿ ಫ್ಲೂಟ್ ನುಡಿಸಿದಾಗ ಪಾದಗಳನ್ನು ಪಟ್ಟಿಗಳಿಗೆ ಸಿಕ್ಕಿಸಿಕೊಂಡಿದ್ದರು. ಇಲ್ಲವಾದರೆ ಊದಿದ ಉಸಿರಿನ ಅಲ್ಪ ಬಲವೇ ಅವರನ್ನು ತೇಲಿಸಿಕೊಂಡು ಹೋಗಲು ಸಾಕಿತ್ತು. ಆ ಒಂದು ಚಿತ್ರ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಉಸಿರಿಗೆ ತೂಕವಿದೆ ಎಂಬುದನ್ನು ಭೂಮಿಯ ಮೇಲೆ ನಾವು ಮರೆತಿರುತ್ತೇವೆ, ಅಷ್ಟೆ. ವಾದಕರು ಉಸಿರೆಳೆದುಕೊಳ್ಳುವ ಸದ್ದನ್ನೂ ಸ್ವರಲಿಪಿಯಲ್ಲೇ ಬರೆದು ಕೃತಿಯ ಭಾಗವಾಗಿಸುವ ಇಂದಿನ ರಚನೆಕಾರರು ಇದನ್ನು ಚೆನ್ನಾಗಿ ಬಲ್ಲರು. ರಚನೆಕಾರ ಎಡ್ಗರ್ ವರೇಸ್ 1936ರಲ್ಲಿ ಪ್ಲಾಟಿನಂ ಫ್ಲೂಟ್‌ಗೆಂದು ಬರೆದು, ಆ ಲೋಹದ ಸಾಂದ್ರತೆಯನ್ನೇ ಹೆಸರಾಗಿಟ್ಟ 'ಡೆನ್ಸಿಟಿ 21.5' ಬಾಹ್ಯಾಕಾಶದ ಕೃತಿಯಲ್ಲ. ಆದರೆ ಫ್ಲೂಟಿನ ರಂಧ್ರಗಳನ್ನು ಮುಚ್ಚಿ ತೆರೆಯುವ ಕೀಲಿಗಳ ಟಕಟಕ ಸದ್ದಿಗೂ ಸಂಗೀತದಲ್ಲಿ ಸ್ಥಾನವಿದೆಯೆಂದು ತೋರಿಸಿ ಇವರಿಗೆಲ್ಲ ದಾರಿ ತೆರೆದದ್ದರಲ್ಲಿ ಅದರ ಪಾಲು ದೊಡ್ಡದು.

ಆದ್ದರಿಂದ ಇಂಥ ಕೃತಿಗಳ ಬಗ್ಗೆ ಬರೆಯುವಾಗ, ಅವು ಯಾವ ಗ್ರಹದ ಹೆಸರು ಹೊತ್ತಿವೆ ಎಂಬುದಕ್ಕಿಂತ ಅಲ್ಲಿ ಯಾವ ಕೊಳಲುಗಳಿದ್ದವು, ಅವು ಹೇಗೆ ನುಡಿದವು, ಎಲ್ಲಿ ಸುಮ್ಮನಾದವು ಎಂಬುದನ್ನು ನಿಮ್ಮ ವಿಮರ್ಶಕರು ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ. ಸಂಘಟಕರಲ್ಲಿ ನನ್ನ ವಿನಂತಿ ಇಷ್ಟೆ: ಒಂದು ಬಾರಿಯಾದರೂ ಪರದೆಯನ್ನು ಆರಿಸಿ, ಮೈಕುಗಳನ್ನು ಪಕ್ಕಕ್ಕಿಟ್ಟು, ಕೇಳುಗರ ಕುರ್ಚಿಗಳನ್ನು ವಾದಕರ ಸುತ್ತ ಹತ್ತಿರಕ್ಕೆ ಹಾಕಿಸಿ.

– ಕೊಳಲು ವಾದಕಿ