28 ವರ್ಷ ಟೈಪ್ ಮಾಡಿದವನ ಒಂದು ವಂದನೆ

ನಮ್ಮ ಸಾಹೇಬರು 2024ರ ಚುನಾವಣೆಗೆ ನಿಲ್ಲಲಿಲ್ಲ. ಸಂಸದರ ಕಚೇರಿಯ ಬೋರ್ಡ್ ಇಳಿಸಿ, ಬೀರು ಖಾಲಿ ಮಾಡಿ ನಾನೂ ಮನೆಗೆ ಬಂದೆ. ಬೀಳ್ಕೊಡುಗೆಯ ದಿನ ಮೈಕ್ ಕೈಗೆ ಕೊಟ್ಟರು. ಗಂಟಲು ಕಟ್ಟಿತು, ಎರಡು ಮಾತಾಡಿ ಕೂತುಬಿಟ್ಟೆ. ಉಳಿದದ್ದು ಇಲ್ಲಿದೆ.

1996ರಲ್ಲಿ ಅವರು ಮೊದಲ ಸಲ ಗೆದ್ದಾಗ ನನಗೆ ಬರುತ್ತಿದ್ದದ್ದು ಟೈಪಿಂಗ್ ಮಾತ್ರ. 1998ರಲ್ಲಿ ಮತ್ತೆ ಚುನಾವಣೆ, 1999ರಲ್ಲಿ ಇನ್ನೊಂದು. ಮೂರೂವರೆ ವರ್ಷದಲ್ಲಿ ಮೂರು ಸಲ ಅದೇ ಹಳ್ಳಿಗಳಿಗೆ ಕೈಮುಗಿದುಕೊಂಡು ಹೋದೆವು. 'ಮತ್ತೆ ಬಂದ್ರಾ?' ಎಂದು ನಕ್ಕು ಮಜ್ಜಿಗೆ ಕೊಟ್ಟವರಿಗೆಲ್ಲ ಮೊದಲ ನಮಸ್ಕಾರ.

ಸಂಸದರು ಎಂದರೆ ದೆಹಲಿಯಲ್ಲಿ ಕಾನೂನು ಮಾಡುವವರು ಅಂತ ಪುಸ್ತಕದಲ್ಲಿದೆ. ನಮ್ಮ ಬಾಗಿಲಿಗೆ ಬರುತ್ತಿದ್ದದ್ದು ಚರಂಡಿ, ಪಡಿತರ ಚೀಟಿ, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್, ಪಹಣಿ ತಿದ್ದುಪಡಿ. ಒಂದೂ ಅವರ ಕೈಯಲ್ಲಿರಲಿಲ್ಲ. 'ಪಂಚಾಯ್ತಿಗೆ ಹೋಗಿ' ಎಂದು ಸಾಗಹಾಕಬಹುದಿತ್ತು. ಸಾಹೇಬರು ಕೂರಿಸಿ ಕೇಳಿ, ಪತ್ರ ಬರೆಸುತ್ತಿದ್ದರು. ಆಗದ್ದಕ್ಕೆ ಮುಖ ನೋಡಿಯೇ 'ಆಗಲ್ಲಪ್ಪ' ಅನ್ನುತ್ತಿದ್ದರು. ಅದರಿಂದ ಎಷ್ಟು ಓಟು ಹೋಯಿತೋ!

ಒಂದು ವಿಷಯ ಇಷ್ಟು ವರ್ಷ ಸಾಹೇಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಒಬ್ಬ ಹೆಣ್ಣುಮಗಳು ಗಂಡನ ಕಿಡ್ನಿ ಚಿಕಿತ್ಸೆಗೆ ಪ್ರಧಾನಿ ಪರಿಹಾರ ನಿಧಿಯ ಅರ್ಜಿ ತಂದಿದ್ದರು. ಆಸ್ಪತ್ರೆಯ ಅಂದಾಜು ಪಟ್ಟಿ ಎಲ್ಲ ಸರಿಯಿತ್ತು, ಸಾಹೇಬರ ಸಹಿಯೂ ಆಗಿತ್ತು. ಶುಕ್ರವಾರ ಸಂಜೆ. ಊರಲ್ಲಿ ಜಾತ್ರೆ ಅಂತ ನಾನು ಸೋಮವಾರ ಕಳಿಸಿದರಾಯಿತು ಎಂದು ಇಟ್ಟೆ. ಸೋಮವಾರ ಮರೆತೆ. ನೆನಪಾಗಿದ್ದು ಗುರುವಾರ. ಹಣ ಮಂಜೂರಾದ ಪತ್ರ ಬರುವಷ್ಟರಲ್ಲಿ ಆ ಮನುಷ್ಯ ಇರಲಿಲ್ಲ. ಆ ತಾಯಿ ಪತ್ರ ವಾಪಸ್ ಕೊಡಲು ಬಂದರು, ಬೇರೆಯವರಿಗಾದರೂ ಆಗಲಿ ಅಂತ. ಆರು ದಿನ ಮೊದಲು ಕಳಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ. ಸಾಹೇಬರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಮರುದಿನ 'ಇಂದೇ' ಎಂದು ಕೊರೆದ ರಬ್ಬರ್ ಸ್ಟಾಂಪ್ ಮಾಡಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಆಮೇಲೆ ಆಸ್ಪತ್ರೆಯ ಅರ್ಜಿ ಒಂದು ರಾತ್ರಿಯೂ ನಮ್ಮಲ್ಲಿ ಉಳಿಯಲಿಲ್ಲ. ಆ ಸ್ಟಾಂಪಿಗೆ, ಬೈಯದೇ ಇದ್ದದ್ದಕ್ಕೆ ನಾನು ಋಣಿ.

ಕ್ಷೇತ್ರದ ಕೆಲಸಗಳಿಗೆ ಇರುವ ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಅಂದರೆ ಜನ ಕಣ್ಣರಳಿಸುತ್ತಾರೆ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 62 ಲಕ್ಷ ಚಿಲ್ಲರೆ. ದುಡ್ಡು ಸಂಸದರ ಕೈಗೆ ಬರುವುದೂ ಇಲ್ಲ. ಅವರು ಶಿಫಾರಸು ಮಾಡಬೇಕು, ಮಂಜೂರಾತಿ ಜಿಲ್ಲಾಡಳಿತದ್ದು. 2020ರ ಏಪ್ರಿಲ್‌ನಲ್ಲಿ ಕೊರೊನಾಗೆಂದು ಅದನ್ನೂ ನಿಲ್ಲಿಸಿದರು, ಮತ್ತೆ ಶುರುವಾಗಿದ್ದು ಮುಂದಿನ ವರ್ಷದ ನವೆಂಬರ್‌ನಲ್ಲಿ. ಅಷ್ಟು ದಿನ ನನ್ನ ಫೋನ್ ಕಿರಿಕಿರಿ ಸಹಿಸಿದ ಡಿ.ಸಿ. ಆಫೀಸಿನ ಗುಮಾಸ್ತರಿಗೆ ಥ್ಯಾಂಕ್ಸ್.

ಸಾಹೇಬರಲ್ಲಿ ಕೊರತೆ ಇರಲಿಲ್ಲ ಅಂತಲ್ಲ. ಸದನದಲ್ಲಿ ಅವರು ಮಾತಾಡಿದ್ದು ಕಡಿಮೆ. ತುರ್ತು ವಿಷಯ ಎತ್ತುವ ಶೂನ್ಯವೇಳೆಗೆ ನೋಟಿಸ್ ಟೈಪ್ ಮಾಡಿ ಕೊಟ್ಟರೂ ಎಷ್ಟೋ ಸಲ ಸುಮ್ನೆ ಕೂತು ಬಂದಿದ್ದಾರೆ. ಕನ್ನಡದಲ್ಲೇ ಮಾತಾಡಿ, ಮೊದಲೇ ತಿಳಿಸಿದರೆ ಅನುವಾದಕರು ಇರುತ್ತಾರೆ ಎಂದು ನಾನೇ ಹೇಳಿ ಹೇಳಿ ಸೋತೆ. ಕೊನೆಗೊಮ್ಮೆ ರೈಲ್ವೆ ಕೆಳಸೇತುವೆಯ ಬಗ್ಗೆ ಮಾತಾಡಿದರು ನೋಡಿ, ನಮ್ಮೂರಿನಲ್ಲಿ ಆಡುವ ಹಾಗೇ. ನಾನು ಟಿವಿ ಮುಂದೆ ಎದ್ದು ನಿಂತಿದ್ದೆ.

2014ರಲ್ಲಿ ಸೋತರು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಏಳು ಜನ ಅರ್ಜಿ ಹಿಡಿದು ಕೂತಿದ್ದರು. ಸೋತದ್ದು ಗೊತ್ತಾಗಿಲ್ಲವೇನೋ ಅಂದುಕೊಂಡೆ. ಗೊತ್ತಿತ್ತು. ಸಾಹೇಬರು ಲೆಟರ್‌ಹೆಡ್‌ನಲ್ಲಿ ಪೆನ್ನಿನಿಂದ 'ಮಾಜಿ' ಎಂದು ಸೇರಿಸಿ, 'ಬರ್ಕೋ' ಎಂದರು. ಮುಂದಿನ ಐದು ವರ್ಷ ತಮ್ಮ ಪಿಂಚಣಿಯಲ್ಲೇ ನನಗೂ ಒಂದಿಷ್ಟು ಕೊಟ್ಟರು. ಅದು ಸಾಲದೆ ಮನೆಯಲ್ಲಿ ಹೊಲಿಗೆ ಮಿಷನ್ ತುಳಿದವಳು ನನ್ನ ಹೆಂಡತಿ. ಅವಳಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ನಗುತ್ತಾಳೆ, ಆದರೂ ಬರೆದಿದ್ದೇನೆ. 2019ರಲ್ಲಿ ಮತ್ತೆ ಗೆದ್ದಾಗ ಆ ಏಳು ಜನರಲ್ಲಿ ನಾಲ್ವರು ಹಾರ ತಂದಿದ್ದರು.

ಬಾಕಿ ಇದ್ದ 41 ಪತ್ರಗಳ ಪಟ್ಟಿಯನ್ನು ಹೊಸ ಸಂಸದರ ಕಚೇರಿಗೆ ತಲುಪಿಸಿ, ರಬ್ಬರ್ ಸ್ಟಾಂಪನ್ನೂ ಅಲ್ಲೇ ಕೊಟ್ಟು ಬಂದೆ. ಪಟ್ಟಿಯಲ್ಲಿ ಮೊದಲನೆಯದು ಕೆಳಸೇತುವೆ. ಸೇತುವೆ ಆಗಿದೆ, ಮಳೆ ಬಂದರೆ ನೀರು ನಿಲ್ಲುತ್ತದೆ.